ನೀರು ಹೋಗಿದೆ, ನೋವಿಲ್ಲ. ಎಷ್ಟು ಹೊತ್ತು ಕಾಯಬಹುದು ಸಿಸ್ಟರ್?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ನರ್ಸ್ ಕೆಲಸ ಮಾಡಿದ್ದೇನೆ ಅಂತ ನೆಂಟರಿಗೆಲ್ಲ ಗೊತ್ತು. ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಪಕ್ಕದ ಎಲೆಯವರು ಬಗ್ಗಿ ಪಿಸುಗುಡುತ್ತಾರೆ. "ನಮ್ಮ ಸೊಸೆಗೆ ಒಂಬತ್ತು ತುಂಬ್ತಾ ಬಂತು. ನೀರು ಹೋಗಿ ನೋವು ಬರದೇ ಇದ್ರೆ ಎಷ್ಟು ಹೊತ್ತು ಕಾಯಬಹುದು?"

ಕಾಯಬಹುದು. ಆದರೆ ಮನೆಯಲ್ಲಿ ಕೂತು ಅಲ್ಲ. ಹೋಳಿಗೆ ತಣ್ಣಗಾಗುವ ಮುಂಚೆ ಇಷ್ಟೇ ಹೇಳಲು ಆಗುವುದು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. 2009ರ ಜುಲೈ. ಮೊದಲ ಬಸಿರು, ತೀರ್ಥಹಳ್ಳಿ ಕಡೆಯ ತವರು ಮನೆ, ಹೊರಗೆ ಧೋ ಅಂತ ಮಳೆ. 38 ವಾರ ಆಗಿತ್ತು. ರಾತ್ರಿ ಕೆಮ್ಮು ಬಂತು, ಕೆಮ್ಮಿದಾಗ ನೈಟಿ ಒದ್ದೆಯಾಯಿತು. ಉಚ್ಚೆ ಇರಬೇಕು ಅಂದುಕೊಂಡೆ. ತಿಂಗಳು ತುಂಬಿದ ಹೆಂಗಸಿಗೆ ಕೆಮ್ಮಿದರೆ, ನಕ್ಕರೆ ಉಚ್ಚೆ ಹನಿಯುವುದು ಹೊಸದೇನಲ್ಲ. ನೈಟಿ ಬದಲಾಯಿಸಿ ಮಲಗಿದೆ. ಸ್ವಲ್ಪ ಹೊತ್ತಿಗೆ ಮಗ್ಗುಲು ಬದಲಿಸಿದಾಗ ಮತ್ತೆ ಬೆಚ್ಚಗೆ ಹರಿಯಿತು. ಎದ್ದು ನಿಂತರೆ ಇನ್ನೊಂದಿಷ್ಟು. ತಡೆದುಕೊಳ್ಳೋಣ ಅಂದರೆ ನಿಲ್ಲಲೂ ಇಲ್ಲ. ಉಚ್ಚೆಯ ವಾಸನೆಯೂ ಇಲ್ಲ. ಅಷ್ಟೆಲ್ಲ ಗೊತ್ತಿದ್ದೂ ಅಮ್ಮ "ನೋವಿಲ್ವಲ್ಲ, ಬೆಳಗಾಗ್ಲಿ ಬಿಡು" ಅಂದಾಗ ನಾನು ಸುಮ್ಮನೆ ಹೂಂ ಅಂದೆ. ನರ್ಸ್ ಬುದ್ಧಿ ಶಿವಮೊಗ್ಗದಲ್ಲೇ ಉಳಿದಿತ್ತೇನೋ.

ಬೆಳಗ್ಗೆ ಜೀಪು ಮಾಡಿಕೊಂಡು ಆಸ್ಪತ್ರೆ ಮುಟ್ಟಿದಾಗ ಎಂಟೂವರೆ. ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: "ನೀರು ಹೋಗಿದ್ದು ಎಷ್ಟು ಗಂಟೆಗೆ?" ನಾನೇ ನೂರಾರು ಜನರಿಗೆ ಕೇಳಿದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡಿರಬಹುದು, ಎರಡೂವರೆ ಇರಬಹುದು. ಅಮ್ಮ ನಡುವೆ ಬಾಯಿ ಹಾಕಿ, "ನಮ್ಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ ಮೇಡಂ" ಅಂದರು. ಬಸ್ಸು ತಪ್ಪಬಾರದು ಅಂತ ಅಪ್ಪ ಮುಂದಿಟ್ಟ ಗಡಿಯಾರ ಅದು. ಮೇಡಂ ನನ್ನ ಮುಖ ನೋಡಿದ ರೀತಿ ಇವತ್ತೂ ನೆನಪಿದೆ.

ಗಂಟೆಗೆ ಯಾಕೆ ಅಷ್ಟು ಬೆಲೆ? ಮಗು ಇರುವ ನೀರಿನ ಚೀಲ ಬರೀ ಚೀಲ ಅಲ್ಲ, ಬಾಗಿಲೂ ಹೌದು. ಅದು ಹರಿದ ಮೇಲೆ ಕೆಳಗಿನ ಸೂಕ್ಷ್ಮಾಣುಗಳು ಮೇಲೆ ಹತ್ತಲು ದಾರಿಯಾಗುತ್ತದೆ. ಹೊತ್ತು ಹೋದಷ್ಟೂ ಸೋಂಕಿನ ಭಯ ಹೆಚ್ಚು. ಹಾಗಂತ ತಲೆ ಮೇಲೆ ಕೈ ಹೊತ್ತು ಕೂರುವಷ್ಟು ದೊಡ್ಡ ಸಂಖ್ಯೆಯೂ ಅಲ್ಲ. ದಿನ ತುಂಬಿದ ಬಸಿರಲ್ಲಿ, ಚೀಲ ಗಟ್ಟಿಯಾಗಿದ್ದಾಗ 200 ಮಕ್ಕಳಲ್ಲಿ ಒಂದಕ್ಕೆ ಗಂಭೀರ ಸೋಂಕು ತಗಲಿದರೆ, ನೋವಿಗೆ ಮುಂಚೆ ನೀರು ಹೋದಾಗ ಅದು ಸುಮಾರು 100ರಲ್ಲಿ ಒಂದು. ನೀರು ಹೋಗಿ 18 ಗಂಟೆ ದಾಟಿತು ಅಂದರೆ ಮಕ್ಕಳ ಡಾಕ್ಟರಿಗೂ ಮೊದಲೇ ಹೇಳಿಡುತ್ತೇವೆ. ಆ 18 ಅನ್ನು ಎಲ್ಲಿಂದ ಎಣಿಸಬೇಕು? ನೀವು ಹೇಳುವ ಗಂಟೆಯಿಂದ. "ರಾತ್ರಿ ಯಾವಾಗ್ಲೋ" ಅಂದರೆ ನಾವು ಏನಂತ ಬರೆದುಕೊಳ್ಳುವುದು?

ಇನ್ನು ನೋವು ಬರುವ ವಿಷಯ. ತಿಂಗಳು ತುಂಬಿದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ನೋವಿಗೆ ಮುಂಚೆಯೇ ನೀರು ಹೋಗುತ್ತದೆ. ಹಾಗಾಗಿ ಇದು ಯಾರದೋ ಕಣ್ಣು ತಾಗಿದ್ದಲ್ಲ, ಅಟ್ಟದಿಂದ ಡಬ್ಬ ಇಳಿಸಿದ್ದಕ್ಕೆ ಆದದ್ದೂ ಅಲ್ಲ. ಏನೂ ಮಾಡದೆ ಕಾದರೆ ಹತ್ತರಲ್ಲಿ ಆರು ಮಂದಿಗೆ 24 ಗಂಟೆಯೊಳಗೆ ತಾನಾಗೇ ನೋವು ಶುರುವಾಗುತ್ತದೆ. ಉಳಿದ ನಾಲ್ವರಿಗೆ ಇನ್ನೂ ತಡ.

ಹಾಗಾದರೆ ಕಾಯುವುದು ಒಳ್ಳೆಯದೋ, ಡ್ರಿಪ್ ಹಾಕಿ ನೋವು ಬರಿಸುವುದು ಒಳ್ಳೆಯದೋ? 1996ರಲ್ಲಿ ಇದರ ಮೇಲೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಕೆನಡಾದ ವೈದ್ಯರ ಮುಂದಾಳತ್ವದಲ್ಲಿ ಆರು ದೇಶಗಳ 5041 ಹೆಂಗಸರನ್ನು ಸೇರಿಸಿಕೊಂಡು ನಡೆಸಿದ್ದು. ಕೆಲವರಿಗೆ ತಕ್ಷಣ ನೋವು ಬರಿಸಿದರು, ಕೆಲವರನ್ನು ನಾಲ್ಕು ದಿನದವರೆಗೂ ಕಾಯಲು ಬಿಟ್ಟರು. ಸಿಸೇರಿಯನ್ ಆದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ನೂರಕ್ಕೆ ಹತ್ತರ ಆಸುಪಾಸು. ಮಕ್ಕಳ ಸೋಂಕಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ತಾಯಿಯ ಗರ್ಭದೊಳಗಿನ ಸೋಂಕು, ಡ್ರಿಪ್ ಹಾಕಿದವರಲ್ಲಿ ನೂರಕ್ಕೆ ನಾಲ್ಕು ಇದ್ದರೆ ಕಾದವರಲ್ಲಿ ಎಂಟೂವರೆ ದಾಟಿತ್ತು.

ಇದನ್ನು ನಾನು ಅತ್ತೆಯರಿಗೆ ಹೇಳುವುದು ಒಂದೇ ಕಾರಣಕ್ಕೆ. "ಡ್ರಿಪ್ ಹಾಕಿದ್ರೆ ಆಪರೇಷನ್ನೇ ಗತಿ, ದುಡ್ಡು ಮಾಡೋಕೆ ಹಾಕ್ತಾರೆ" ಅನ್ನುವ ಮಾತು ನಮ್ಮ ಕಡೆ ಬಹಳ ಓಡುತ್ತದೆ. ಬೇಡದ ಕಡೆ ಡ್ರಿಪ್ ಹಾಕುವವರು ಇಲ್ಲವೇ ಇಲ್ಲ ಅಂತ ನಾನೇನೂ ಆಣೆ ಮಾಡುವುದಿಲ್ಲ. ಆದರೆ ನೀರು ಹೋದವಳಿಗೆ ನೋವು ಬರಿಸುವುದು ಆ ಸಾಲಿಗೆ ಸೇರುವುದಿಲ್ಲ.

ಇದೇ ಅಧ್ಯಯನದ ಅಂಕಿಗಳನ್ನು ಮತ್ತೆ ಜಾಲಾಡಿದಾಗ ಇನ್ನೊಂದು ವಿಷಯ ಸಿಕ್ಕಿತು. ಒಳಗೆ ಬೆರಳು ಹಾಕಿ ಪರೀಕ್ಷೆ ಮಾಡಿದಷ್ಟೂ ಸೋಂಕು ಜಾಸ್ತಿ. ನನಗೆ ಇದು ಬಹಳ ಮುಖ್ಯ. ವಾರ್ಡಿನ ಬಾಗಿಲಲ್ಲಿ ದಿನಾ ನಡೆಯುವ ಜಗಳವೇ ಇದು. "ಸಿಸ್ಟರ್, ಬಂದು ಮೂರು ಗಂಟೆ ಆಯ್ತು, ಒಂದ್ಸಲ ಕೈ ಹಾಕಿ ನೋಡ್ಲಿಲ್ಲ ನೀವು. ಬಾಯಿ ಎಷ್ಟು ತೆರೆದಿದೆ ಅಂತ ಹೇಳೋಕೇನು?" ನೋಡದೆ ಇರುವುದೇ ಅಲ್ಲಿ ಉಪಚಾರ ಕಣಮ್ಮಾ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನೋವು ಸರಿಯಾಗಿ ಹಿಡಿಯುವ ತನಕ, ಕಾರಣ ಇಲ್ಲದೆ ಬೆರಳು ಹಾಕಬಾರದು. ನೀರು ಹೌದೋ ಅಲ್ಲವೋ ಅಂತ ತಿಳಿಯಲು ಶುದ್ಧ ಮಾಡಿದ ಸ್ಪೆಕ್ಯುಲಮ್, ಅಂದರೆ ಯೋನಿಯನ್ನು ತುಸು ಅಗಲಿಸಿ ಹಿಡಿಯುವ ಸಲಕರಣೆ, ಇಟ್ಟು ಕಣ್ಣಲ್ಲಿ ನೋಡಿದರೆ ಸಾಕು. "ಒಂದ್ಸಲ ಕೆಮ್ಮಮ್ಮಾ" ಅಂತೀವಿ. ಕೆಮ್ಮಿದಾಗ ಗರ್ಭದ ಬಾಯಿಯಿಂದ ನೀರು ಜಿನುಗುವುದು ಕಾಣುತ್ತದೆ. ಅನುಮಾನ ಇದ್ದರೆ ಕೆಂಪು ಲಿಟ್ಮಸ್ ಕಾಗದ ತಾಗಿಸುತ್ತಾರೆ. ಗರ್ಭದ ನೀರಾದರೆ ನೀಲಿಗೆ ತಿರುಗುತ್ತದೆ, ಆದರೆ ರಕ್ತ ಸೇರಿದ್ದರೂ ತಿರುಗೀತು. ನನಗೆ ಇಷ್ಟವಾದ ಪರೀಕ್ಷೆ ಬೇರೆ. ಗಾಜಿನ ಮೇಲೆ ಒಂದು ಹನಿ ಸವರಿ ಒಣಗಲು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜರಿಗಿಡದ ಎಲೆ ಬಿಡಿಸಿಟ್ಟ ಹಾಗೆ ಕಾಣುತ್ತದೆ, ಎಳೆ ಎಳೆಯಾಗಿ. ನೀರಿನಲ್ಲಿರುವ ಉಪ್ಪು ಒಣಗಿ ಹರಳಾಗುವ ಪರಿ ಅದು. ಟ್ರೈನಿಂಗಿನಲ್ಲಿ ಮೊದಲ ಸಲ ನೋಡಿದಾಗ ನಮ್ಮ ಅಡಿಕೆ ತೋಟದ ಕಾಲುವೆ ಬದಿ ನೆನಪಾಗಿತ್ತು.

ಮನೆಯಲ್ಲಿ ನಿಮ್ಮ ಕೈಯಲ್ಲಿ ಆಗುವುದು ಇದಕ್ಕಿಂತ ಸುಲಭ. ಗಡಿಯಾರ ನೋಡಿ ಗಂಟೆ ಬರೆದಿಡಿ. ಬಿಳಿ ಪ್ಯಾಡ್ ಇಡಿ. ಅದನ್ನು ಬಿಸಾಕಬೇಡಿ, ಕವರಿನಲ್ಲಿ ಹಾಕಿ ಆಸ್ಪತ್ರೆಗೆ ತನ್ನಿ. ನಾಚಿಕೆ ಬೇಡ, ನಮಗೆ ಅದು ಬಂಗಾರ. ನೀರು ತಿಳಿಯಾಗಿ, ತುಸು ಒಣಹುಲ್ಲಿನ ತಿಳಿ ಹಳದಿ ಬಣ್ಣಕ್ಕೆ ಇದ್ದರೆ ಒಳ್ಳೆಯದು. ಅಲ್ಲಲ್ಲಿ ಗುಲಾಬಿ ಎಳೆ ಇದ್ದರೂ ಹೆದರಬೇಕಿಲ್ಲ. ಹಸಿರು ಅಥವಾ ಕಂದು ಬಣ್ಣ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ. ಆಗ ಸ್ನಾನ, ತಿಂಡಿ, ದೇವರಿಗೆ ಕಾಯಿ ಎಲ್ಲ ಆಮೇಲೆ. ಮೊದಲು ಹೊರಡಿ. ರಕ್ತ ಹೋದರೂ, ನೀರಿಗೆ ಕೆಟ್ಟ ವಾಸನೆ ಬಂದರೂ, ಜ್ವರ ಬಂದರೂ, ಮಗುವಿನ ಮಿಸುಕಾಟ ಕಡಿಮೆಯಾದರೂ ಅಷ್ಟೇ.

ಒಂದು ಸಂದರ್ಭ ಇದೆಲ್ಲಕ್ಕಿಂತ ಅವಸರದ್ದು. ಮಗು ಅಡ್ಡ ಇದೆ, ಬುಡ ಕೆಳಗಿದೆ, ಅಥವಾ ತಲೆ ಇನ್ನೂ ಇಳಿದಿಲ್ಲ ಅಂತ ಸ್ಕ್ಯಾನಿಂಗಿನಲ್ಲಿ ಹೇಳಿದ್ದರೆ, ನೀರು ಒಮ್ಮೆಲೇ ಹೋದಾಗ ಹೊಕ್ಕುಳ ಬಳ್ಳಿ ಜಾರಿ ಮುಂದೆ ಬರಬಹುದು. ಯೋನಿಯ ಬಾಗಿಲಲ್ಲಿ ಏನೋ ಹಗ್ಗದಂತೆ ತಾಗಿದರೆ ಅದನ್ನು ಒಳಗೆ ತಳ್ಳಲು ಹೋಗಬೇಡಿ. ಮೊಣಕಾಲು ಊರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಎತ್ತಿ. ಬಳ್ಳಿಯ ಮೇಲೆ ಮಗುವಿನ ಭಾರ ಬೀಳಬಾರದು. 108ಕ್ಕೆ ಫೋನ್ ಮಾಡಿದಾಗ "ಬಳ್ಳಿ ಹೊರಗೆ ಬಂದಿದೆ" ಅಂತ ಅದೇ ಮಾತಲ್ಲಿ ಹೇಳಿ. ಗಾಡಿಯಲ್ಲಿ ಮಗ್ಗುಲಾಗಿ ಮಲಗಿ, ಸೊಂಟದ ಕೆಳಗೆ ದಿಂಬು. ಇದು ಅಪರೂಪ. ಆದರೆ ಇಲ್ಲಿ ಲೆಕ್ಕ ನಿಮಿಷಗಳದ್ದು.

37 ವಾರ ತುಂಬುವ ಮುಂಚೆ ನೀರು ಹೋದರೆ ಕಥೆಯೇ ಬೇರೆ. ಆಗ ಮಗುವಿನ ಶ್ವಾಸಕೋಶ ಬಲಿತಿದೆಯೋ ಇಲ್ಲವೋ ಅನ್ನುವುದು ದೊಡ್ಡ ಚಿಂತೆ. 34 ವಾರದೊಳಗಾದರೆ, ಸೋಂಕಿನ ಸುಳಿವಿಲ್ಲದಿದ್ದರೆ, ನಾವೇ ಕಾಯಲು ನೋಡುತ್ತೇವೆ. ಆಂಟಿಬಯೋಟಿಕ್ ಕೊಟ್ಟು, ಡೆಕ್ಸಾಮೆಥಾಸೋನ್ ಇಂಜೆಕ್ಷನ್ 12 ಗಂಟೆಗೊಂದರಂತೆ ನಾಲ್ಕು ಸಲ ತಾಯಿಗೆ ಚುಚ್ಚುತ್ತೇವೆ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ. ಕೆಲವರು ವಾರಗಟ್ಟಲೆ ವಾರ್ಡಿನಲ್ಲೇ ಮಲಗಿ ದಿನ ಎಣಿಸಿದ್ದಾರೆ. ಅವರ ಕಾಯುವಿಕೆಯ ಬಗ್ಗೆ ಬೇರೆಯೇ ಬರೆಯಬೇಕು.

"ನೀರೆಲ್ಲ ಹೋದ್ರೆ ಒಣ ಹೆರಿಗೆ ಆಗತ್ತೆ" ಅಂತ ಆ ರಾತ್ರಿ ನನ್ನ ಅಜ್ಜಿ ಗೊಣಗುತ್ತಿದ್ದರು. ಪಾಪ, ಅವರ ಕಾಲದ ಭಯ. ಆ ನೀರಿನ ಬಹುಪಾಲು ಮಗುವಿನ ಉಚ್ಚೆಯೇ. ಚೀಲ ಹರಿದರೂ ಮಗು ಉಚ್ಚೆ ಹೊಯ್ಯುವುದನ್ನು ನಿಲ್ಲಿಸುವುದಿಲ್ಲ, ನೀರು ಒಸರುತ್ತಲೇ ಇರುತ್ತದೆ. ಒಣಗುವಷ್ಟು ಒಣಗುವುದಿಲ್ಲ. ಆದ್ದರಿಂದ ತಾಯಿ ಚೆನ್ನಾಗಿ ನೀರು ಕುಡಿಯಲಿ, ಡಾಕ್ಟರ್ ಬೇಡ ಅನ್ನದಿದ್ದರೆ ಇಡ್ಲಿ ತಿನ್ನಲಿ. ಹರಳೆಣ್ಣೆ ಮಾತ್ರ ಬೇಡ. ನೋವು ಬರಲಿ ಅಂತ ಕುಡಿಸುತ್ತಾರೆ. ಬರುವುದು ಭೇದಿ, ಅದನ್ನು ತೊಳೆಯುವುದು ನಾವು.

ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳಿಗೆ ಹೀಗೇ ನೀರು ಹೋದಾಗ ಪರೀಕ್ಷೆ ಮಾಡಿ ಮನೆಗೆ ಕಳಿಸಿದರಂತೆ, ನಾಳೆ ಬಾ ಅಂತ. "ಅಲ್ಲಿ ಮನೆಲೇ ಕಾಯ್ತಾರೆ, ನೀವು ಯಾಕೆ ಹೆದರಿಸ್ತೀರ ಚಿಕ್ಕಮ್ಮ?" ಅಂತ ಫೋನಿನಲ್ಲಿ ಕೇಳಿದಳು. ಸರಿಯಾದ ಪ್ರಶ್ನೆಯೇ. ಅಲ್ಲಿಯೂ ಮೊದಲು ನೋಡಿದ್ದಾರಲ್ಲ? ಮಗುವಿನ ತಲೆ ಎಲ್ಲಿದೆ, ಎದೆಬಡಿತ ಹೇಗಿದೆ, ನೀರಿನ ಬಣ್ಣ ಏನು ಅಂತ ನೋಡಿ, ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿಕೋ ಅಂತ ಹೇಳಿ, ಫೋನ್ ನಂಬರ್ ಕೊಟ್ಟು ಕಳಿಸಿದ್ದಾರೆ. ನೋಡಿಸಿಕೊಂಡು ಮನೆಗೆ ಬರುವುದು ಬೇರೆ, ನೋಡಿಸದೆ ಮನೆಯಲ್ಲಿರುವುದು ಬೇರೆ. ಅವಳ ಮನೆಗೂ ಆಸ್ಪತ್ರೆಗೂ ಇಪ್ಪತ್ತು ನಿಮಿಷ. ನಮ್ಮ ತವರಿನಿಂದ ಜುಲೈನಲ್ಲಿ, ಮರ ಬೀಳದಿದ್ದರೆ, ಒಂದೂವರೆ ಗಂಟೆ.

ನನ್ನ ಕಾಯುವಿಕೆ ಹೇಗೆ ಮುಗಿಯಿತು ಅಂತ ಹೇಳಲಿಲ್ಲ ಅಲ್ವಾ. ಆ ದಿನ ವಾರ್ಡಿನ ಕಿಟಕಿ ಪಕ್ಕದ ಮಂಚ ಸಿಕ್ಕಿತ್ತು. ಅಕ್ಕಪಕ್ಕದ ಮಂಚದವರೆಲ್ಲ ನೋವಿನಲ್ಲಿ ಸರಳು ಹಿಡಿದು ಒದ್ದಾಡುತ್ತಿದ್ದರೆ ನಾನೊಬ್ಬಳು ವಾರಪತ್ರಿಕೆಯ ಪದಬಂಧ ಬಿಡಿಸುತ್ತಾ ಕೂತಿದ್ದೆ, ಕಳ್ಳಿಯ ಹಾಗೆ. ಪ್ಯಾಡ್ ಬದಲಿಸುವುದು, ಥರ್ಮಾಮೀಟರ್ ಬಾಯಿಗಿಡುವುದು, ಎದೆಬಡಿತ ಕೇಳಿಸಿಕೊಳ್ಳುವುದು. ಮತ್ತೆ ಪದಬಂಧ. ಸಂಜೆ ನಾಲ್ಕಕ್ಕೆ ಮೇಡಂ ಬಂದು "ಸಾಕು, ಶುರು ಮಾಡೋಣ" ಅಂದರು. ಡ್ರಿಪ್ ಹಾಕಿದ ಒಂದು ಗಂಟೆಗೆ ಸೊಂಟದ ಹಿಂದೆ ಯಾರೋ ಹಗ್ಗ ಬಿಗಿದ ಹಾಗಾಯಿತು. ಆಮೇಲೆ ಪದಬಂಧ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಳಗಿನ ಜಾವ ಮೂರೂ ಹತ್ತಕ್ಕೆ ಮಗಳು ಹುಟ್ಟಿದಳು. 2.8 ಕೆಜಿ. ನೀರು ಹೋಗಿ ಒಂದು ಇಡೀ ದಿನ ಮೇಲೊಂದಿಷ್ಟು ಹೊತ್ತಾಗಿತ್ತು, ಆ "ಒಂದಿಷ್ಟು" ಎಷ್ಟು ಅಂತ ಕೇಸ್ ಶೀಟಿನಲ್ಲಿ ಅಂದಾಜಿಗೆ ಬರೆದಿದ್ದಾರೆ. ಎರಡು ದಿನ ಅವಳ ಉಸಿರು, ಹಾಲು ಕುಡಿಯುವುದು ಎಲ್ಲ ನೋಡಿ ಆಮೇಲೆ ಬಿಟ್ಟರು.

ಹೋದ ವಾರ ರಾತ್ರಿ ಚಿಕ್ಕಪ್ಪನ ಮೊಮ್ಮಗಳು ವಾಟ್ಸಾಪಿನಲ್ಲಿ ಪ್ಯಾಡಿನ ಫೋಟೊ ಕಳಿಸಿದ್ದಳು. ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲ ಬಣ್ಣವೂ ಒಂದೇ, ಏನೂ ಗೊತ್ತಾಗಲಿಲ್ಲ. "ಟೈಮ್ ಎಷ್ಟು?" ಅಂತ ಕೇಳಿದೆ. "1:40 ಅತ್ತೆ. ಗೋಡೆ ಗಡಿಯಾರ ಅಲ್ಲ, ಮೊಬೈಲ್ ನೋಡಿದ್ದು. ಗಾಡಿ ಬಂತು, ಹೊರಟ್ವಿ" ಅಂತ ಉತ್ತರ ಬಂತು.