ಕರೆಂಟ್ ಹೋದ ಮೇಲೂ ಉಳಿದ ವೋಲ್ಟೇಜು

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ. ಸಿರ್ಸಿ ಪೇಟೆಯಿಂದ 12 ಕಿಲೋಮೀಟರ್ ಒಳಗೆ ನಮ್ಮ ಮನೆ, ಸುತ್ತ ಬೆಟ್ಟ, ಕೆಳಗೆ ಅಡಿಕೆ ತೋಟ. ಗಾಳಿಗೆ ಎಲ್ಲೋ ಒಂದು ಟೊಂಗೆ ಲೈನಿನ ಮೇಲೆ ಬಿತ್ತು ಅಂದರೆ ಮುಗೀತು, ಮತ್ತೆ ಬಂದಾಗ ಬಂತು. ಹಾಗಾಗಿ ಚಿಕ್ಕಂದಿನಿಂದ ನಮಗೊಂದು ಅಭ್ಯಾಸ. ಸ್ವಿಚ್ ರಿಪೇರಿ, ಹೋಲ್ಡರ್ ಬದಲಾಯಿಸೋದು, ಇಂಥ ಕೆಲಸವನ್ನೆಲ್ಲ ಕರೆಂಟ್ ಹೋದಾಗಲೇ ಮಾಡಿಕೊಳ್ಳೋದು. ಕರೆಂಟ್ ಇಲ್ಲ ಅಂದಮೇಲೆ ಹೆದರಿಕೆ ಎಂಥದು, ಅಲ್ವಾ?

ಆ ಅಭ್ಯಾಸವೇ ಈ ಜುಲೈನಲ್ಲಿ ನನಗೆ ಸರಿಯಾಗಿ ಒಂದು ಬಾರಿಸಿತು.

ನಾನು ಮಾಡಲು ಹೊರಟಿದ್ದು ವಾಲ್ವ್ ಹೆಡ್‌ಫೋನ್ ಆಂಪ್ಲಿಫೈಯರ್. ವಾಲ್ವ್ ಅಂದರೆ ಹಳೇ ರೇಡಿಯೋದೊಳಗೆ ಕೆಂಪಗೆ ಕಾಯುವ ಗಾಜಿನ ಬುರುಡೆ. ನನ್ನ ಹತ್ತಿರ ಇರೋದು ಸೆನ್‌ಹೈಸರ್ ಎಚ್‌ಡಿ 600, 300 ಓಮಿನದು. ಅದಕ್ಕೆ ಬೇಕಾಗುವ ಶಕ್ತಿ ಎಷ್ಟು ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. 1 ಮಿಲಿವ್ಯಾಟ್ ಕೊಟ್ಟರೆ ಕಿವಿಗೆ ಜೋರೇ ಆಯಿತು, ಆ 1 ಮಿಲಿವ್ಯಾಟಿಗೆ ಸುಮಾರು ಅರ್ಧ ವೋಲ್ಟ್ ಸಾಕು. ಇಷ್ಟಕ್ಕೆ 250 ವೋಲ್ಟಿನ ಪವರ್ ಸಪ್ಲೈ ಯಾಕೆ ಅಂತ ಸಿಕ್ಕವರೆಲ್ಲ ಕೇಳಿದರು. ಅದು ಹೆಡ್‌ಫೋನಿಗಲ್ಲ, ವಾಲ್ವಿಗೆ. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಗೆ ಬಂದು ನಿಲ್ಲುತ್ತವೆ, ಆಚೆ ಪ್ಲೇಟಿನಲ್ಲಿ ಜೋರಾದ ಸೆಳೆತ ಇಲ್ಲದಿದ್ದರೆ ಅವು ಖಾಲಿ ಜಾಗ ದಾಟಿ ಬೇಕಾದಷ್ಟು ಬರೋದಿಲ್ಲ. ಇಷ್ಟೆಲ್ಲ ಯಾಕೆ, ಮೊಬೈಲಿಗೆ ಚುಚ್ಚುವ ಬೆರಳುಗಾತ್ರದ ಡಾಂಗಲ್ ಇದಕ್ಕಿಂತ ಶುದ್ಧವಾಗಿ ನುಡಿಸುತ್ತದಲ್ಲ ಅಂದರೆ, ಹೌದು, ನುಡಿಸುತ್ತದೆ. ಅಳೆದು ನೋಡಿದರೆ ಅದೇ ಗೆಲ್ಲುತ್ತದೆ. ನನಗೆ ಸುಮ್ನೆ ಮಾಡಬೇಕಿತ್ತು. ಅಜ್ಜನ ಕಾಲದ ರೇಡಿಯೋದ ಹಿಂದಿನ ರಟ್ಟು ತೆಗೆದು ಆ ಕೆಂಪು ಕೆಂಪು ವಾಲ್ವ್ ನೋಡುತ್ತಾ ಬೆಳೆದವನು ನಾನು.

ವಾಲ್ವುಗಳು ಬಂದಿದ್ದವು, ಮೊದಲ ಹಂತಕ್ಕೆ ಒಂದು ಇಸಿಸಿ88, ಔಟ್‌ಪುಟ್ಟಿಗೆ ರಷ್ಯಾದ ಎರಡು 6ಎನ್6ಪಿ. ಕಷ್ಟವಾಗಿದ್ದು ಟ್ರಾನ್ಸ್‌ಫಾರ್ಮರ್. ನನಗೆ ಬೇಕಾದ ವೋಲ್ಟೇಜಿನದು ಅಂಗಡಿಯಲ್ಲಿ ಸಿಗೋದಿಲ್ಲ. ಕೊನೆಗೆ ಪೇಟೆಯಲ್ಲಿ ತೋಟದ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರ ಹತ್ತಿರ ಹೋದೆ. ಅವರು ತಂತಿ ಸುತ್ತುವ ಕಬ್ಬಿಣದ ಕೋರ್ ಕೈಯಲ್ಲಿ ಹಿಡಿದು, ನಡುವಿನ ಕಾಲನ್ನು ಅಳೆದು, 10 ಚದರ ಸೆಂಟಿಮೀಟರ್ ಅಂದರು. ವೈಂಡಿಂಗಿನವರ ರೂಢಿಯ ಅಂಕಿ 45ನ್ನು 10ರಿಂದ ಭಾಗಿಸಿ, ವೋಲ್ಟಿಗೆ ನಾಲ್ಕೂವರೆ ಸುತ್ತು ಅಂತ ಬಾಯಲ್ಲೇ ಲೆಕ್ಕ ಮಾಡಿಬಿಟ್ಟರು. ಪ್ರೈಮರಿಗೆ 230 ವೋಲ್ಟ್, ಅಂದರೆ 1035 ಸುತ್ತು. ಸೆಕೆಂಡರಿಗೆ 180 ವೋಲ್ಟ್ ಬೇಕು, ಲೆಕ್ಕಕ್ಕೆ 810, ಲೋಡಿನಲ್ಲಿ ಇಳಿಯುತ್ತದೆ ಅಂತ 850. ವಾಲ್ವಿನೊಳಗೆ ಕ್ಯಾಥೋಡನ್ನು ಕಾಯಿಸುವ ಹೀಟರಿಗೆ 6.3 ವೋಲ್ಟ್, ದಪ್ಪ ತಂತಿ, 30 ಸುತ್ತು. ನಾನು ಎರಡು ದಿನ ಕಾಗದದ ಮೇಲೆ ಗುದ್ದಾಡಿ ತಂದ ಉತ್ತರಗಳೇ ಅವು. ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

ವಾರ್ನಿಷ್ ಹಾಕಿ ಕೊಟ್ಟರು. ಆದರೆ ಆಷಾಢದಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗೋದಿಲ್ಲ, ವಾರ್ನಿಷ್ ಎಲ್ಲಿ ಒಣಗಬೇಕು. ನಾಲ್ಕು ದಿನ ಬಚ್ಚಲ ಒಲೆಯ ಮೇಲಿನ ತೊಲೆಗೆ ಟ್ರಾನ್ಸ್‌ಫಾರ್ಮರನ್ನು ಹಗ್ಗದಲ್ಲಿ ಕಟ್ಟಿ ನೇತುಹಾಕಿದ್ದೆ. ಸ್ನಾನಕ್ಕೆ ಹೋದವರೆಲ್ಲ ಅದನ್ನು ಒಮ್ಮೆ ನೋಡಿ ಬರುತ್ತಿದ್ದರು. ಈಗಲೂ ಅದು ಬಿಸಿಯಾದಾಗ ಸಣ್ಣಗೆ ಹೊಗೆಯ ವಾಸನೆ ಬರುತ್ತದೆ, ಸೌದೆ ಹೊಗೆಯದು, ಹೆದರಬೇಕಾಗಿಲ್ಲ.

ಆ ದಿನ ಪವರ್ ಸಪ್ಲೈ ಒಂದನ್ನೇ ಪರೀಕ್ಷೆ ಮಾಡುತ್ತಿದ್ದೆ. ವಾಲ್ವ್ ಇನ್ನೂ ಜೋಡಿಸಿರಲಿಲ್ಲ. ಮೊದಲ ಸಲ ಚಾಲೂ ಮಾಡುವಾಗ ಸೀರೀಸ್ ಬಲ್ಬ್, ಅಂದರೆ ಕರೆಂಟ್ ಬರುವ ದಾರಿಯಲ್ಲೇ ಒಂದು ಬಲ್ಬ್, ಹಾಕಬೇಕು ಅಂತ ಹಳೇ ರೇಡಿಯೋ ರಿಪೇರಿಯವರನ್ನು ನೋಡಿ ಕಲಿತಿದ್ದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮಾಡಿದ್ದು ಸುಡೋದಿಲ್ಲ. ಎಲ್‌ಇಡಿ ಇದಕ್ಕೆ ಬರೋದಿಲ್ಲ, ತಂತಿಯ ಬಲ್ಬೇ ಬೇಕು. ಕೊಟ್ಟಿಗೆಯಲ್ಲಿ ಒಂದೇ ಒಂದು 60 ವ್ಯಾಟಿನದು ಉಳಿದಿತ್ತು, ಕಳಚಿ ತಂದೆ. ಬಲ್ಬ್ ಒಮ್ಮೆ ಮಿಂಚಿ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕ್ಯಾಪಾಸಿಟರ್ ತುಂಬುತ್ತಿದ್ದಂತೆ ಮಂಕಾಗಿ ಆರಿತು. ಎಷ್ಟು ಖುಷಿ ಆಯ್ತು ಅಂದರೆ, ಎದ್ದು ಮೆತ್ತಿನ, ಅಂದರೆ ಮಹಡಿಯ, ತುಂಬ ಒಂದು ಸುತ್ತು ಹಾಕಿ ಬಂದೆ. ಬಲ್ಬ್ ತೆಗೆದು ನೇರ ಕೊಟ್ಟೆ. ಮೀಟರ್ 268 ವೋಲ್ಟ್ ತೋರಿಸಿತು.

ಈಗ ತಪ್ಪಿನ ವಿಷಯ. ಕ್ಯಾಪಾಸಿಟರಿಗೆ, 220 ಮೈಕ್ರೋಫ್ಯಾರಡ್ 400 ವೋಲ್ಟಿನದು, ಅಡ್ಡಲಾಗಿ ಒಂದು ಬ್ಲೀಡರ್ ರೆಸಿಸ್ಟರ್ ಹಾಕಬೇಕು. ಸ್ವಿಚ್ ಆರಿಸಿದ ಮೇಲೆ ತುಂಬಿಕೊಂಡಿದ್ದನ್ನು ನಿಧಾನಕ್ಕೆ ಹರಿಸಿ ಖಾಲಿ ಮಾಡೋದು ಅದರ ಕೆಲಸ. 100 ಕೆ, ಅಂದರೆ 100 ಕಿಲೋಓಮಿನದು, ಹಾಕಿದ್ದೆ. 40 ಸೆಕೆಂಡಿನೊಳಗೆ 50 ವೋಲ್ಟಿಗೆ ಇಳಿಯಬೇಕು, ಲೆಕ್ಕ ಸರಿಯೇ ಇತ್ತು. ಆದರೆ 268 ವೋಲ್ಟಿಗೆ ಅದರಲ್ಲಿ ಮುಕ್ಕಾಲು ವ್ಯಾಟಿನಷ್ಟು ಸುಡುತ್ತದೆ. ಹಾಕಬೇಕಾದ್ದು 2 ವ್ಯಾಟಿನದು. ನನ್ನ ಹತ್ತಿರ ಇದ್ದದ್ದು ಕಾಲು ವ್ಯಾಟಿನದು, ಅಕ್ಕಿಕಾಳಿನಷ್ಟು ಉದ್ದ. ಪೇಟೆಯಲ್ಲಿ ಕೇಳಿದೆ, ದೊಡ್ಡದು ಇರಲಿಲ್ಲ. ನಾಳೆ ಬದಲಾಯಿಸಿದರಾಯ್ತು ಅಂತ ಬೆಸುಗೆ ಹಾಕಿಬಿಟ್ಟೆ.

ಒಂದು ತಾಸು ಬಿಟ್ಟು ನೋಡುತ್ತಾ ಕುಳಿತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಕೆಳಗಿನಿಂದ ಆಯಿ ಕಷಾಯ ಆಯಿತು ಅಂತ ಕರೆದಳು. ಇಳಿದು ಹೋಗಿ, ಕಷಾಯ ಕುಡಿದು, ಹತ್ತು ನಿಮಿಷ ಬಿಟ್ಟು ಟಾರ್ಚ್ ಹಿಡಿದು ಮೇಲೆ ಬಂದೆ. ಕರೆಂಟ್ ಹೇಗೂ ಇಲ್ಲ, ಈ ಹೊತ್ತಿನಲ್ಲಿ ಮುಂದಿನ ವೈರ್ ಜೋಡಿಸಿಬಿಡೋಣ ಅಂತ. ಕೆಂಪು ನಿಯಾನ್ ದೀಪ ಆರಿತ್ತು. ಮೀಟರಿನ ಮುಖವೂ ಖಾಲಿ. ಅದು ಸೊನ್ನೆ ತೋರಿಸುತ್ತಿರಲಿಲ್ಲ, ಬ್ಯಾಟರಿ ಉಳಿಸಲಿಕ್ಕೆ ತಾನೇ ಆರಿಕೊಂಡಿತ್ತು. ನಿಯಾನ್ ಇದ್ದದ್ದು ಮೇನ್ಸಿನ ಕಡೆಗೆ, ಕರೆಂಟ್ ಹೋದರೆ ಆರೋದೇ. ಇದೆಲ್ಲ ಆಮೇಲೆ ಹೊಳೆದದ್ದು.

ಬಲಗೈ ತೋರುಬೆರಳು ಕ್ಯಾಪಾಸಿಟರಿನ ತುದಿಗೆ ತಾಗಿತು, ಕಿರುಬೆರಳಿನ ಬದಿ ತಗಡಿನ ಚಾಸಿಗೆ.

ಮನೆಯ ಪ್ಲಗ್ಗಿನಲ್ಲಿ ಶಾಕ್ ಹೊಡೆಸಿಕೊಂಡವರಿಗೆ ಆ ಜುಂ ಅನ್ನೋದು ಗೊತ್ತಿರುತ್ತದೆ. ಇದು ಹಾಗಲ್ಲ. ಇದು ಒಂದೇ ಏಟು, ಯಾರೋ ಸುತ್ತಿಗೆಯಿಂದ ಬೆರಳ ಗಂಟಿಗೆ ಕುಟ್ಟಿದ ಹಾಗೆ. ಕೈ ತಾನೇ ಹಾರಿ ಮೊಣಕೈ ಗೋಡೆಗೆ ಬಡಿಯಿತು, ಟಾರ್ಚ್ ಉರುಳಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಹೋಯಿತು.

"ಎಂತಾತೋ ತಮಾ?" ಅಂದಳು ಆಯಿ.

"ಎಂತೂ ಆಜಿಲ್ಲೆ," ಅಂದೆ. ದನಿ ನನ್ನದೇ ಅನಿಸಲಿಲ್ಲ.

ಕತ್ತಲಲ್ಲಿ ಸ್ವಲ್ಪ ಹೊತ್ತು ಕುಳಿತೆ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಮೊಬೈಲ್ ಬೆಳಕಿನಲ್ಲಿ ಮೀಟರ್ ಮತ್ತೆ ಚಾಲೂ ಮಾಡಿ ಇಟ್ಟರೆ, ನನಗೆ ಹೊಡೆದು ಮುಗಿದ ಮೇಲೂ 150ರ ಮೇಲೆ ತೋರಿಸಿತು. ಮನೆಯಲ್ಲಿ ಕರೆಂಟ್ ಇಲ್ಲ, ಊರಲ್ಲೇ ಇಲ್ಲ. ಆ ಹೆಬ್ಬೆರಳು ಗಾತ್ರದ ಡಬ್ಬಿಯಲ್ಲಿ ಮಾತ್ರ ಇದೆ. ಬ್ಲೀಡರ್ ನೋಡಿದೆ. ಬಣ್ಣದ ಪಟ್ಟಿಗಳೆಲ್ಲ ಸುಟ್ಟು ಕಪ್ಪು, ನಡುವೆ ಬಿರುಕು. ಅದು ಯಾವಾಗಲೋ ಸತ್ತಿತ್ತು.

ಒಂದು ಕೈ ಜೇಬಿನಲ್ಲಿಟ್ಟು ಕೆಲಸ ಮಾಡಿ ಅಂತ ಹೈ ವೋಲ್ಟೇಜಿನವರು ಹೇಳುತ್ತಾರೆ. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಟರೆ ದಾರಿಯಲ್ಲಿ ಎದೆ ಸಿಗುತ್ತದೆ, ಅದಕ್ಕೆ. ಲುಂಗಿಗೆ ಜೇಬಿಲ್ಲ. ಆದರೂ ಎಡಗೈಯಲ್ಲಿ ಟಾರ್ಚ್ ಇತ್ತಲ್ಲ, ಆ ಪ್ಲಾಸ್ಟಿಕ್ ಟಾರ್ಚೇ ಆ ಕೈಯನ್ನು ದೂರ ಇಟ್ಟಿದ್ದು. ಮನೆಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇದೆ, ಅದು ಕಾಯುತ್ತದೆ ಅಂದುಕೊಂಡಿದ್ದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಏನೇ ಆದರೂ ಅದಕ್ಕೆ ಗೊತ್ತಾಗೋದೇ ಇಲ್ಲ. ಕರೆಂಟ್ ಇದ್ದಿದ್ದರೂ ಅದು ಟ್ರಿಪ್ ಆಗುತ್ತಿರಲಿಲ್ಲ.

ಎರಡು ದಿನ ಆ ಕಡೆ ಹೋಗಲೇ ಇಲ್ಲ. ಆಮೇಲೆ ಬೆಂಗಳೂರಿನಿಂದ 2 ವ್ಯಾಟಿನ ರೆಸಿಸ್ಟರುಗಳು ಬಂದವು. ಒಂದು ಸತ್ತರೆ ಇನ್ನೊಂದು ಇರಲಿ ಅಂತ ಬ್ಲೀಡರ್ ಎರಡು ಹಾಕಿದೆ, ಬೇರೆ ಬೇರೆಯಾಗಿ. ನಿಯಾನ್ ದೀಪವನ್ನು ಮೇನ್ಸಿನಿಂದ ಕಿತ್ತು ಕ್ಯಾಪಾಸಿಟರಿಗೇ ಜೋಡಿಸಿದೆ. ಅದೂ 60 ವೋಲ್ಟಿನ ಹತ್ತಿರ ಬಂದಾಗ ಆರಿಬಿಡುತ್ತದೆ, ಆರಿದರೆ ಖಾಲಿ ಅಂತ ಅರ್ಥ ಅಲ್ಲ. ಹಾಗಾಗಿ ಒಂದು ಬಿದಿರು ಕಡ್ಡಿಯ ತುದಿಗೆ 2.2 ಕೆ, 10 ವ್ಯಾಟಿನ ರೆಸಿಸ್ಟರ್ ಕಟ್ಟಿ, ಕ್ಲಿಪ್ ಹಾಕಿ ಇಟ್ಟುಕೊಂಡಿದ್ದೇನೆ. ಮುಟ್ಟುವ ಮೊದಲು ಕಡ್ಡಿ, ಕಡ್ಡಿ ಆದಮೇಲೆ ಮೀಟರ್, ಆಮೇಲೆ ಕೈ. ಸ್ಕ್ರೂಡ್ರೈವರ್ ಇಟ್ಟು ಟಪ್ ಅನ್ನಿಸೋದು ಬೇಡ, ಕಿಡಿ ಹಾರಿ ಕಣ್ಣಿಗೆ ಬರುತ್ತದೆ.

ಉಳಿದದ್ದು ಬೇಗ ಆಯಿತು. ವಾಲ್ವ್ ಜೋಡಿಸಿ, ಅರ್ಧ ನಿಮಿಷ ಕಾದು, ಔಟ್‌ಪುಟ್ಟಿನಲ್ಲಿ ಡಿಸಿ ಇಲ್ಲ ಅಂತ ನೋಡಿಕೊಂಡು ಹೆಡ್‌ಫೋನ್ ಚುಚ್ಚಿದೆ. ಹಾಡೂ ಬಂತು, ಅದರ ಕೆಳಗೆ ಗುಂಯ್ ಅಂತ ಒಂದು ಹಮ್ಮೂ ಬಂತು. ವಾಲ್ಯೂಮ್ ಇಳಿಸಿದರೂ ಹಮ್ ಹಾಗೇ. ಮೊಬೈಲಿನಲ್ಲಿ ಅಳೆದರೆ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನದಾದರೆ 100 ಇರಬೇಕಿತ್ತು, ಹಾಗಾಗಿ ನನ್ನನ್ನು ಹೊಡೆದ ಪವರ್ ಸಪ್ಲೈ ಈ ಸಲ ನಿರಪರಾಧಿ. ಹೀಟರ್ ವೈರುಗಳನ್ನು ಜಡೆ ಹೆಣೆದ ಹಾಗೆ ಬಿಗಿಯಾಗಿ ಹೆಣೆದು ಮೂಲೆಗೆ ಒತ್ತಿದೆ, ಅರ್ಧ ಹೋಯಿತು. ಔಟ್‌ಪುಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿದ್ದರಲ್ಲಿ ಮೇಲಿನ ವಾಲ್ವಿನ ಕ್ಯಾಥೋಡ್ 110 ವೋಲ್ಟಿನ ಮೇಲೆ ಕುಳಿತಿದೆ, ಅದರ ಹೊಟ್ಟೆಯೊಳಗಿನ ಹೀಟರ್ ಮಾತ್ರ ಸೊನ್ನೆಯಲ್ಲಿತ್ತು. ಉಳಿದ ಹಮ್ ಆ ಅಂತರದ್ದು ಅಂತ ಹೀಟರನ್ನೂ 60 ವೋಲ್ಟಿಗೆ ಎತ್ತಿ ಕೂರಿಸಿದೆ. ಸದ್ದೇ ಇಲ್ಲ.

ಆ ರಾತ್ರಿ ಅಪ್ಪ ಟೂ ಇನ್ ಒನ್ನಿನಲ್ಲಿ ರೆಕಾರ್ಡ್ ಮಾಡಿಟ್ಟ ಹಳೇ ಯಕ್ಷಗಾನದ ಕ್ಯಾಸೆಟ್ ಹಾಕಿದೆ. ಹೊನ್ನಾವರದ ಕಡೆ ಒಂದು ಗದ್ದೆಯಲ್ಲಿ ಆಗಿದ್ದ ಡೇರೆ ಮೇಳದ ಆಟ. ಚಂಡೆ ಎಡಗಿವಿಯ ಹತ್ತಿರ ಬಡಿಯಿತು. ಹಿಂದೆ ಗುಂಯ್ ಅಂತ ಮತ್ತೆ ಅದೇ ಹಮ್. ಹೊಟ್ಟೆ ಉರಿಯಿತು. ಹೆಡ್‌ಫೋನ್ ಕಿತ್ತಿಟ್ಟು, ಸ್ವಿಚ್ ಆರಿಸಿ, ಕಡ್ಡಿ ಹುಡುಕುತ್ತಿದ್ದೆ. ಅಪ್ಪ ಬಂದು ಏನು ಅಂತ ಕೇಳಿದ. ಮತ್ತೆ ಚಾಲೂ ಮಾಡಿ ಕಿವಿಗೆ ಹಾಕಿ ಕೇಳಿಸಿದೆ, ಈ ಸದ್ದು ಹೋಗೋದೇ ಇಲ್ಲ ನೋಡು ಅಂತ.

ಅಪ್ಪ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿದ. "ಅದು ಜನರೇಟರಿಂದು. ಡೇರೆ ಹಿಂದೇ ಇಟ್ಟಿದ್ರು," ಅಂದು, ಹೆಡ್‌ಫೋನ್ ವಾಪಸ್ ಕೊಡದೆ ಅಲ್ಲೇ ಕುಳಿತ.