ಹಂಪನಕಟ್ಟೆ ಹುಡುಕು ಮಾರಾಯ

ನಮ್ಮ ಅನಾಟಮಿ ಸರ್ ಈ ಮಳೆಗಾಲದಲ್ಲಿ ತೀರಿಕೊಂಡರು. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಾಗ ಎಲ್ಲರಿಗೂ ಮೊದಲು ನೆನಪಾದದ್ದು ಬೋಳುತಲೆ ಪ್ರಕರಣ. ಅದನ್ನು ಆಮೇಲೆ ಹೇಳುತ್ತೇನೆ.

ಮಂಗಳೂರಿನಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಮಿದುಳಿನ ಮೇಲ್ಮೈ ಮಾತ್ರ ಮರೆತಿಲ್ಲ. ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಸುರಿದರೂ ಸರ್ ಬಿಡುತ್ತಿರಲಿಲ್ಲ. ಚಿಮಟ ಕೊಟ್ಟು ತೆಳು ಪೊರೆ ಸುಲಿಸುತ್ತಿದ್ದರು. ಆಮೇಲೆ ಪ್ರಶ್ನೆ: “ಸೆಂಟ್ರಲ್ ಸಲ್ಕಸ್ ಎಲ್ಲುಂಟು?” ಸಲ್ಕಸ್ ಎಂದರೆ ಮಿದುಳಿನ ಮಡಿಕೆಗಳ ನಡುವಿನ ಗೀರು. ನಮಗೆ ಎಲ್ಲ ಗೀರೂ ಒಂದೇ ತರ. ಸುಮ್ನೆ ಯಾವುದಕ್ಕೋ ಬೆರಳಿಟ್ಟರೆ, “ಮೊದಲು ಹಂಪನಕಟ್ಟೆ ಹುಡುಕು ಮಾರಾಯ, ಆಮೇಲೆ ಬಂದರಿಗೆ ಹೋಗು” ಎನ್ನುತ್ತಿದ್ದರು. ಹಂಪನಕಟ್ಟೆ ಮಂಗಳೂರು ಪೇಟೆಯ ನಡುವಿನ ಜಾಗ. ಅವರ ಹಂಪನಕಟ್ಟೆ ಎಂದರೆ ಸುಪೀರಿಯರ್ ಫ್ರಾಂಟಲ್ ಸಲ್ಕಸ್, ಮಿದುಳಿನ ಮುಂಭಾಗದ ಮೇಲಿನ ಗೀರು. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಅಡ್ಡಲಾಗಿ ಪ್ರೀಸೆಂಟ್ರಲ್ ಸಿಗುತ್ತದೆ. ಅದರ ಹಿಂದಿನದೇ ಸೆಂಟ್ರಲ್. ಎರಡರ ನಡುವಿನ ಮಡಿಕೆ ಮೈಕೈ ಆಡಿಸುವ ಜಾಗ. ಅದರಲ್ಲಿ ಸ್ವಲ್ಪ ಉಬ್ಬಿಕೊಂಡಿರುವ ಭಾಗ ಕೈಯದು.

ತಲೆಯ ಹೊರಗಿನಿಂದಲೂ ಇದನ್ನು ಅಂದಾಜು ಮಾಡಬಹುದು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ದಾರ ಹಿಡಿಯಬೇಕು. ಅದರ ಮಧ್ಯದಿಂದ ಸುಮಾರು 2 ಸೆಂ.ಮೀ. ಹಿಂದೆ ಸೆಂಟ್ರಲ್ ಸಲ್ಕಸ್ ಶುರು. ಅಲ್ಲಿಂದ ಓರೆಯಾಗಿ ಮುಂದಕ್ಕೆ ಇಳಿಯುತ್ತದೆ. ಈ ಪಾಠ ಆದ ವಾರವೇ ಗೆಳೆಯನೊಬ್ಬ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದ. ಇನ್ನೇನು ಬೇಕು? ರಾತ್ರಿ ಹಾಸ್ಟೆಲಿನಲ್ಲಿ ಅವನು ಗೊರಕೆ ಹೊಡೆಯುವಾಗ ಜೆನ್ಶನ್ ವಯಲೆಟ್ ಹಿಡಿದು ಎರಡೂ ಕಡೆ ಗೆರೆ ಎಳೆದೆವು. ತೊಳೆದರೆ ಹೋಗುವ ಬಣ್ಣವೇ ಅದು? ಬೆಳಿಗ್ಗೆ ಟೋಪಿ ಹಾಕಿಕೊಂಡು ಬಂದ. ಸರ್ ಟೋಪಿ ತೆಗೆಸಿದರು. ಇಡೀ ಹಾಲ್ ಗಪ್‌ಚಿಪ್. ದಾರ ತರಿಸಿ ಅಳೆದರು. “ಗೆರೆ ಸರಿ ಉಂಟು. ಎಳೆದವನ ತಲೆಯೇ ಸರಿ ಇಲ್ಲ.” ಎಳೆದದ್ದು ನಾನು. ಆ ಬ್ಯಾಚಿನಲ್ಲಿ ನ್ಯೂರೋಸರ್ಜನ್ ಆದದ್ದೂ ನಾನೊಬ್ಬನೇ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಈಗ ಆಪರೇಷನ್ ಥಿಯೇಟರಿನಲ್ಲಿ ನ್ಯಾವಿಗೇಶನ್ ಯಂತ್ರ ಇದೆ. ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದು ದಾರಿ ತೋರಿಸುವುದು ಮೊದಲೇ ತೆಗೆದ ಎಂಆರ್‌ಐ ನೋಡಿಕೊಂಡು. ಮಿದುಳಿನ ಹೊರಗಿನ ದಪ್ಪ ಪೊರೆ ಡ್ಯೂರಾ ಬಿಡಿಸಿ, ಒಳಗಿನ ನೀರು ಹರಿದುಹೋದರೆ ಮಿದುಳು ತಗ್ಗುತ್ತದೆ. ಪರದೆ ಒಂದು ಹೇಳುತ್ತದೆ, ಮಿದುಳು ಇನ್ನೊಂದು ಕಡೆ ಇರುತ್ತದೆ. ಆಗ ಕಣ್ಣೇ ಗತಿ. ಬೀಡಿ ಕಟ್ಟುವ ಅಮ್ಮ ಒಬ್ಬರಿಗೆ ಎಡಗಡೆ, ಕೈಯ ಜಾಗಕ್ಕೆ ತಾಗಿಕೊಂಡೇ ಗಡ್ಡೆ. ಎಚ್ಚರದಲ್ಲೇ ಆಪರೇಷನ್, ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ಸರ್ ಹೇಳಿದ ದಾರಿಯಲ್ಲೇ ಮಡಿಕೆ ಗುರುತಿಸಿ ಸಣ್ಣ ಕರೆಂಟ್ ಕೊಟ್ಟೆ. ಬಲಗೈ ಹೆಬ್ಬೆರಳು ಛಕ್ಕನೆ ಹಾರಿತು. “ಯಾರು ಎಳೆದದ್ದು?” ಎಂದು ಕೇಳಿದರು ಅಮ್ಮ. ಆ ಮಡಿಕೆ ಮುಟ್ಟದೆ, ಮುಂದಿನ ಸಲ್ಕಸ್ ಬಿಡಿಸಿಕೊಂಡು ಒಳಗೆ ಹೋದೆವು. ಮುಗಿಯುವವರೆಗೂ ಅವರ ಬೆರಳು ಬೀಡಿ ಸುತ್ತುತ್ತಲೇ ಇತ್ತು.

ನಮಗೆ ಎಂಬಿಬಿಎಸ್‌ನ ಮೊದಲ ಹಂತ ಒಂದೂವರೆ ವರ್ಷ ಇತ್ತು. 1997ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಈಗಿನ ಮಕ್ಕಳು ನಮಗಿಂತ ಜಾಸ್ತಿ ಬುದ್ಧಿವಂತರು. ಮಿದುಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಅವರಿಗೆ ಪುರುಸೊತ್ತು ಕೊಡಬೇಕಲ್ವಾ? ನಮ್ಮ ಕಾಲೇಜಿನ ಅನಾಟಮಿ ಮ್ಯೂಸಿಯಂನ ಜಾಡಿಗಳನ್ನು ತೆಗೆದು ದೊಡ್ಡ ಪರದೆ ಹಾಕುವ ಮಾತು ಕಿವಿಗೆ ಬಿದ್ದಿದೆ. ಪರದೆ ಧಾರಾಳ ಹಾಕಿ. ಸರ್ ಕೂತು ಸುಲಿದಿಟ್ಟ ಮಿದುಳುಗಳನ್ನು ಮಾತ್ರ ಎಸೆಯಬೇಡಿ. ಜಾಗ ಇಲ್ಲದಿದ್ದರೆ ಒಂದು ಫೋನ್ ಮಾಡಿ, ಕಪಾಟಿನ ಖರ್ಚು ನಮ್ಮ ಬ್ಯಾಚಿನದು.