ಬೇಂದ್ರೆ ಸಿಕ್ಕರು: ಶಾಖಾ ಗ್ರಂಥಾಲಯದ ಪಟ್ಟಿ ಎಲ್ಲಿಗೆ ಬಂತು

ಕೊನೆಗೂ ಬೇಂದ್ರೆ ಸಿಕ್ಕರು. ಕಪಾಟಿನಲ್ಲಿ ಮೊದಲಿಂದಲೂ ಇದ್ದರು, ಕಂಪ್ಯೂಟರಿನಲ್ಲಿ ಮಾತ್ರ ನಾಪತ್ತೆ. ನಮ್ಮೂರ ಶಾಖಾ ಗ್ರಂಥಾಲಯದ ಪುಸ್ತಕ ಪಟ್ಟಿಯನ್ನು ಕೋಹಾ ಅನ್ನೋ ಗ್ರಂಥಾಲಯ ತಂತ್ರಾಂಶಕ್ಕೆ ಏರಿಸ್ತಾ ಇದ್ದೇನೆ. ಅದನ್ನು ಹಾಕಿದ್ದು, ಬ್ಯಾಕಪ್ ಇಟ್ಟಿದ್ದು ಎಲ್ಲ ಹಿಂದೆ ಹೇಳಿದ್ದೇನೆ, ಬಿಡಿ. ಈ ಸಲ ಬರೀ ಸೊನ್ನೆಯ ಕತೆ.

ಆ ಪಟ್ಟಿ ಇದ್ದದ್ದು ಹಳೇ ನುಡಿ ಫಾಂಟಿನಲ್ಲಿ, ಈಗ ಎಲ್ಲ ಕಂಪ್ಯೂಟರೂ ಬಳಸುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಯಾವ ಕಾಲದಲ್ಲೋ ಒಂದು ಏಜೆನ್ಸಿಯವರು ಎಂಟ್ರಿಗೆ ಇಷ್ಟು ಅಂತ ದುಡ್ಡು ತಗೊಂಡು ಟೈಪ್ ಮಾಡಿಕೊಟ್ಟಿದ್ದಾರೆ. ಹಾಗಾಗಿ ಒಂದೇ ಪುಸ್ತಕ ಮೂರು ಕಡೆ, ಮೂರು ಕಾಗುಣಿತದಲ್ಲಿ ಕೂತಿದೆ. ಯೂನಿಕೋಡಿಗೆ ತಿರುಗಿಸೋ ಕನ್ವರ್ಟರಿಗೆ ಹಾಕಿದೆ. ಅರ್ಕಾವತ್ತು ಕೂಡ ಸರಿಯಾದ ಜಾಗಕ್ಕೆ ಬಂತು, ನೋಡೋಕೆ ಎಲ್ಲ ಚೆಂದ. ಆದರೆ ‘ಬೇಂದ್ರೆ’ ಅಂತ ಹುಡುಕಿದರೆ ಒಂದೂ ಪುಸ್ತಕ ಇಲ್ಲ! ಗ್ರಂಥಪಾಲಕರು ಸುಮ್ನೆ ಎದ್ದು ಹೋಗಿ ಹಳೇ ಕಾರ್ಡ್ ಡ್ರಾಯರ್ ಎಳೆದು, ಅಂಚು ಸವೆದ ಒಂದು ಕಾರ್ಡ್ ತಂದು ನನ್ನ ಕೀಬೋರ್ಡ್ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಕಳ್ಳರು ಇಬ್ಬರು. ಮೊದಲನೆಯದು ದೀರ್ಘ. ಹಳೇ ಫಾಂಟಿನಲ್ಲಿ ‘ಬೆ’ ಬೇರೆ, ದೀರ್ಘ ಬೇರೆ. ಕನ್ವರ್ಟರ್ ಆ ತುಂಡುಗಳನ್ನು ಹಾಗೇ ಪಕ್ಕಪಕ್ಕ ಇಟ್ಟಿತ್ತು. ನಾವು ಹುಡುಕುವಾಗ ಒತ್ತುವ ದೀರ್ಘದ ಏತ್ವಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತ. ಇದಕ್ಕೆ ಪೈಥಾನಿನಲ್ಲಿ ಎನ್‌ಎಫ್‌ಸಿ ನಾರ್ಮಲೈಸ್ (ತುಂಡುಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ ಕ್ರಮ), ಒಂದು ಸಾಲು ಸಾಕು. ಓತ್ವ, ಐತ್ವ, ಗುಡಿಸಿನ ದೀರ್ಘ ಎಲ್ಲ ಒಟ್ಟಿಗೆ ಸರಿಹೋದವು.

ಆದರೂ ಬೇಂದ್ರೆ ಇಲ್ಲ. ಫಾಂಟ್ ಬದಲಿಸಿದೆ, ಅಕ್ಷರ ದೊಡ್ಡದು ಮಾಡಿದೆ, ಊಹೂಂ. ಒಂದೊಂದೇ ಅಕ್ಷರದ ಸಂಕೇತ ಪ್ರಿಂಟ್ ಮಾಡಿಸಿದಾಗ ಎರಡನೇ ಕಳ್ಳ ಸಿಕ್ಕಿಬಿದ್ದ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ! ಅನುಸ್ವಾರದ ಸಂಕೇತ 0ಸಿ82, ಸೊನ್ನೆಯದು 0ಸಿಇ6. ಇದನ್ನು ಎನ್‌ಎಫ್‌ಸಿ ಮುಟ್ಟೋದೂ ಇಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ಎರಡೂ ಸಾಚಾ. ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿಬಿಡೋಣ ಅಂದ್ರೆ ‘೧೦ನೇ ಮುದ್ರಣ’ ಕೆಡುತ್ತೆ. ಹಾಗಾಗಿ ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಬದಲಿಸು, ಅಂಕಿ ಇದ್ದರೆ ಬಿಡು. ‘ಸಂಪುಟ೦೧’ ಅಂತ ಜಾಗ ಬಿಡದೆ ಕುಟ್ಟಿದ ಪುಣ್ಯಾತ್ಮರೂ ಇದ್ದಾರೆ, ಅವರಿಗಾಗಿ ಮುಂದೆ ಅಂಕಿ ಇದೆಯಾ ಅಂತಲೂ ನೋಡಬೇಕು. ರನ್ ಮಾಡಿದೆ. ಬೇಂದ್ರೆ ಬಂದರು, ಜೊತೆಗೆ ಕಾರಂತರೂ.

ಬಾರ್‌ಕೋಡ್ ಲೇಬಲ್ ವಿಷಯ ಕೇಳಬೇಡಿ. ಮಳೆಗಾಲ ಶುರುವಾದದ್ದೇ ತಡ, ಬೆನ್ನು ಬಿಟ್ಟು ಸುರುಳಿ ಸುತ್ತಿಕೊಂಡವು. ಮಾರಿದವರು ‘ನಿಮ್ಮ ಪುಸ್ತಕದಲ್ಲೇ ತೇವ ಇದೆ ಸಾರ್’ ಅನ್ನುತ್ತಾರೆ. ಆಸ್ತಿ ತೆರಿಗೆ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟುವ ಊರಿಗೆ ಅಂಟುವ ಲೇಬಲ್ ಕೇಳೋದು ಜಾಸ್ತಿ ಆಯ್ತಾ?

ಈ ಮಧ್ಯೆ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕ ದಾಖಲಿಸುವ ಖಾತೆ) ತೆಗೆದು ಕೂತೆ, ಅಲ್ಲೇ ಮುಂದಿನ ಹುಚ್ಚು ಹತ್ತಿತು. ತಾರೀಕು ಬರೆಯದ ಪುಟಗಳಿಗೆ ಸೀಲೇ ಸಾಕ್ಷಿ. ಕೆಲವದರಲ್ಲಿ ‘ಮೈಸೂರು ರಾಜ್ಯ’ ಅಂತಿದೆ. ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ, ಅಂದ್ರೆ ಆ ಸೀಲು ಹೆಚ್ಚುಕಡಿಮೆ ಈ ನಡುವಿನದು. ಹಳೇ ಸೀಲನ್ನು ಸವೆಯುವ ತನಕ ಒತ್ತಿರುತ್ತಾರೆ, ಅದು ಬೇರೆ ಮಾತು. ಗ್ರಂಥಾಲಯಗಳಿಗೆ ಪುಸ್ತಕ ಒದಗಿಸುವ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಪ್ರತಿಷ್ಠಾನ ಶುರುವಾದದ್ದು 1972ರಲ್ಲಿ, ಅದರ ಮುದ್ರೆ ಇದ್ದರೆ ಪುಸ್ತಕ ಬಂದದ್ದು ಆಮೇಲೆ. ಇದಕ್ಕೆ ಪುಸ್ತಕದ ಹಿಂದಿನ ತಾರೀಕು ಚೀಟಿಗಳನ್ನೂ ಸೇರಿಸಿದರೆ, ಯಾವ ದಶಕದಲ್ಲಿ ಊರು ಏನು ಓದಿತು ಅಂತ ನಕ್ಷೆ ಹಾಕಬಹುದು, ಅಲ್ವಾ? ಫೋಟೊ ತೆಗೆಯಲು ಹಳೇ ಫೋನ್ ಇದ್ದರೆ ಕೊಡಿ.

ಅದಕ್ಕೂ ಮೊದಲು ‘ಸೂರ್ಯ’ ಬಾಕಿ. ಕೆಲವು ಕಡೆ ‘ಸೂರ‍್ಯ’ ಅಂತ, ಒಳಗೆ ಜಾಯಿನರ್ (ಅಕ್ಷರ ಕೂಡುವ ರೀತಿ ಬದಲಿಸುವ, ಕಣ್ಣಿಗೆ ಕಾಣದ ಸಂಕೇತ) ಇಟ್ಟು ಬರೆದಿದ್ದಾರೆ, ಹಾಗಾಗಿ ಹುಡುಕಿದರೆ ಸಿಗಲ್ಲ. ಶೀರ್ಷಿಕೆಯಲ್ಲಿ ಅದು ಇರಲಿ, ಇಂಡೆಕ್ಸ್‌ಗೆ ಹೋಗುವಾಗ ಮಾತ್ರ ಕಿತ್ತುಹಾಕುತ್ತೇನೆ.